ಒಂದೇ ಪ್ರೊಸೆಸರಲ್ಲಿ ಸಿನಿಮಾನೂ ಸ್ಟೀರಿಯೋನೂ: ಗೋಣಿಕೊಪ್ಪದಿಂದ ನನ್ನ ಅನುಭವ

ಹೋಂ ಥಿಯೇಟರ್ ಪ್ರೊಸೆಸರಲ್ಲಿ (ಸಿನಿಮಾ ಧ್ವನಿನ ಹಲವು ಸ್ಪೀಕರಿಗೆ ಹಂಚೋ ಪೆಟ್ಟಿಗೆ) ಹಾಡು ಕೇಳೋಕಾಗಲ್ಲ, ಸ್ಟೀರಿಯೋಗೆ ಬೇರೆ ಪ್ರಿಆಂಪ್ (ಸದ್ದು ಏರಿಳಿಸಿ ಪವರ್ ಆಂಪಿಗೆ ಕೊಡೋ ಪೆಟ್ಟಿಗೆ) ಇರ್ಲೇಬೇಕು ಅಂತ ನಂಗೆ ಹೇಳ್ದೆ ಇರೋರೇ ಇಲ್ಲ. ಬೆಂಗಳೂರಿನ ಡೀಲರ್ ಹೇಳ್ದ, ಮೈಸೂರಲ್ಲಿರೋ ನಮ್ಮ ಭಾವ ಹೇಳಿದ್ರು, ಅವ್ರ ಜೊತೆ ಬರೋ ಇನ್ನಿಬ್ರು ಟ್ಯೂಬ್ ಆಂಪ್ ಭಕ್ತರಂತೂ ನನ್ನ ಮುಖ ನೋಡಿ ನಕ್ಕಿದ್ರು. ಈಗ ಅದೇ ಭಾವ ಗೋಣಿಕೊಪ್ಪಕ್ಕೆ ಬಂದ್ರೆ ಊಟಕ್ಕೆ ಮುಂಚೆ "ಆ ಎರಡನೇ ಪ್ರೀಸೆಟ್ ಹಾಕು ಮಾರಾಯ" ಅಂತಾರೆ. ಅದಕ್ಕೇ ಬರೀತಿದೀನಿ.

ಡೀಲರ್ ಕೊಟ್ಟ ಪ್ಲಾನ್ ನಿಮಗೆಲ್ಲ ಗೊತ್ತಿರೋದೇ. ಪ್ರೊಸೆಸರ್ ಒಂದು, ಅದ್ರ ಫ್ರಂಟ್ ಎಡ-ಬಲ ಎರಡನ್ನೂ ಎಚ್‌ಟಿ ಬೈಪಾಸ್ (ಸಿನಿಮಾ ನೋಡುವಾಗ ಸಿಗ್ನಲನ್ನ ಹಂಗೇ ಮುಂದೆ ದಾಟಿಸೋ ದಾರಿ) ಇರೋ ಸ್ಟೀರಿಯೋ ಪ್ರಿಆಂಪಿಗೆ ಕೊಡೋದು, ಅಲ್ಲಿಂದ ಸ್ಪೀಕರ್ ಓಡಿಸೋ ಪವರ್ ಆಂಪಿಗೆ. ಪ್ರಿಆಂಪ್, ಕೇಬಲ್ ಎಲ್ಲ ಸೇರಿ ಎರಡು ಲಕ್ಷದ ಹತ್ರ ಹೆಚ್ಚುವರಿ ಖರ್ಚು. 2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರದ ಆಸುಪಾಸು ಬಂದಾಗ ಕೈ ಸ್ವಲ್ಪ ತುರಿಸಿದ್ದು ನಿಜ, ಆದ್ರೆ ಈ ಪ್ಲಾನಲ್ಲಿ ನಂಗೆ ಒಂದು ವಿಷಯ ಒಪ್ಪಿಗೆ ಆಗ್ಲಿಲ್ಲ. ಹಾಡು ಕೇಳುವಾಗ ಪ್ರೊಸೆಸರ್ ದಾರಿಯಲ್ಲೇ ಇರಲ್ಲ, ಅಂದ್ರೆ ರೂಂ ಕರೆಕ್ಷನ್ (ರೂಮಿಂದ ಕೆಡೋ ಧ್ವನಿ ತಿದ್ದೋದು) ಇಲ್ಲ, ಸಬ್ (ಬೇಸಿಗಂತಲೇ ಇರೋ ಸಬ್‌ವೂಫರ್) ಇಲ್ಲ. ನನ್ನ ರೂಂ ಹದಿನೆಂಟಕ್ಕೆ ಹದಿಮೂರು ಅಡಿ, ಹಳೇ ಮನೆ, ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ. ಹದಿಮೂರು ಅಡಿ ಅಗಲಕ್ಕೆ 43 ಹರ್ಟ್ಸಲ್ಲಿ ಮೋಡ್ (ರೂಮೇ ಗುಂಯ್ ಅನ್ನೋ ಸ್ವರ) ಬೀಳುತ್ತೆ, ಬೇಸ್ ಗಿಟಾರಿನ ಕೆಳಗಿನ 'E' ತಂತಿ 41 ಹರ್ಟ್ಸ್. ಬೇಸಿಸ್ಟ್ ಆ ತಂತಿ ಮುಟ್ಟಿದ್ರೆ ಸಾಕು, ಮೂಲೆಲಿರೋ ಗಾಜಿನ ಬೀರು ಗುಂಯ್ ಅನ್ನುತ್ತೆ, ಪಕ್ಕದ ಸ್ವರಗಳು ಎಲ್ಲೋ ಹೋಗ್ಬಿಡ್ತವೆ. ಎರಡು ಲಕ್ಷದ ಪ್ರಿಆಂಪ್ ಆ ಬೀರುವಿಗೆ ಏನು ಮಾಡುತ್ತೆ ಹೇಳಿ?

ಸರಿ, ಸೆಕೆಂಡ್ ಹ್ಯಾಂಡಲ್ಲಿ ಡಿರಾಕ್ ಲೈವ್ (ರೂಂ ಕರೆಕ್ಷನ್ ಸಾಫ್ಟ್‌ವೇರ್) ಇರೋ ಪ್ರೊಸೆಸರ್ ಒಂದು ತಗೊಂಡೆ, ಒಂದು ಲಕ್ಷ ಚಿಲ್ಲರೆ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕನೆಕ್ಟರ್) ಔಟ್ ಇದೆ, ಒಂದಕ್ಕಿಂತ ಹೆಚ್ಚು ಸ್ಲಾಟ್ (ಸೆಟ್ಟಿಂಗ್ ಉಳಿಸಿಡೋ ಜಾಗ, ಭಾವ ಹೇಳೋ ಪ್ರೀಸೆಟ್ ಇದೇ) ಇದೆ, ನಂಗೆ ಬೇಕಿದ್ದು ಅಷ್ಟೇ. ಕಂಪನಿ ಹೆಸ್ರು ಬೇಡ, ಈ ಎರಡು ಇರೋ ಯಾವ್ದಾದ್ರೂ ನಡೆಯುತ್ತೆ.

ಮೊದಲ ತಿಂಗಳು ಬರೀ ಗೋಳು. ಆನ್ ಮಾಡಿದ ತಕ್ಷಣ ಸ್ಪೀಕರಲ್ಲಿ ಹಮ್. ಕೇಬಲ್ ಬದಲಾಯ್ಸಿದ್ದಾಯ್ತು, ಪ್ಲಗ್ ತಿರುಗಿಸಿದ್ದಾಯ್ತು, ಎಲೆಕ್ಟ್ರಿಷಿಯನ್ ಕರೆಸಿ ಇದ್ದಿಲು ಉಪ್ಪು ಹಾಕಿ ಹೊಸ ಅರ್ತ್ ಗುಂಡಿ ತೆಗೆಸಿದ್ದೂ ಆಯ್ತು, ಹಮ್ ಹಂಗೇ ಇದೆ. ಕೊನೆಗೆ ಒಂದೊಂದೇ ವಯರ್ ಕಿತ್ಕೊಂಡು ಬಂದ್ರೆ ಡಿಶ್ ಕೇಬಲ್ ಕಿತ್ತ ಕ್ಷಣ ಪೂರ್ತಿ ಸೈಲೆಂಟ್. ಹೆಂಚಿನ ಮೇಲಿರೋ ಡಿಶ್ಶಿಂದ ಬೇರೆ ಅರ್ತ್ ಬರ್ತಿತ್ತು. ಡಿಶ್ ಬಿಟ್ಟೆ, ಈಗ ಟಿವಿ ಎಲ್ಲ ಫೈಬರಲ್ಲೇ. ಇದ್ರಿಂದ ಇನ್ನೊಂದು ಲಾಭ, ಏಪ್ರಿಲ್-ಮೇ ಗುಡುಗಿಗೆ ಸಿಡಿಲು ಒಳಗೆ ಬರೋ ಒಂದು ದಾರಿ ಮುಚ್ಚಿತು. ಹಿಂದಿನ ರಿಸೀವರ್ ಹಂಗೇ ಹೋಗಿದ್ದು, ಎಚ್‌ಡಿಎಂಐ ಬೋರ್ಡ್ ಸುಟ್ಟು, ಸರ್ವಿಸ್ ಸೆಂಟರ್‌ನೋರು ಬೋರ್ಡಿಗೇ ನಲವತ್ತು ಸಾವಿರ ಕೇಳಿದ್ರು, ಅದೂ ಯಾವಾಗ ಬರುತ್ತೆ ಅಂತ ಹೇಳ್ಲಿಲ್ಲ. ಈಗ್ಲೂ ಮೋಡ ಕಪ್ಪಾದ್ರೆ ಎಲ್ಲ ಪ್ಲಗ್ ಕೀಳ್ತೀನಿ, ಸರ್ಜ್ ಪ್ರೊಟೆಕ್ಟರ್ ನಂಬಿ ಕೂತ್ಕೊಳ್ಳೋ ಧೈರ್ಯ ನಂಗಿಲ್ಲ.

ಹಮ್ ಹೋದ್ಮೇಲೆ ಹಿಸ್ಸು. ನನ್ನ ಪವರ್ ಆಂಪಿನ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸುತ್ತೆ ಅನ್ನೋದು) 29 ಡಿಬಿ, ಸ್ಪೀಕರ್ ಸೆನ್ಸಿಟಿವಿಟಿ (ಕಮ್ಮಿ ಪವರಿಗೆ ಎಷ್ಟು ಜೋರು ಅನ್ನೋದು) 91 ಡಿಬಿ ಹತ್ರ. ರಾತ್ರಿ ವಾಲ್ಯೂಂ ಮೈನಸ್ 48ರಲ್ಲಿ ಇರುತ್ತೆ, ಟ್ವೀಟರಿಂದ ಸ್ಸ್ಸ್ ಅಂತ ಕೂತ ಜಾಗಕ್ಕೇ ಕೇಳುತ್ತೆ. "ನೋಡ್ದ್ಯಾ, ಪ್ರೊಸೆಸರ್ ಅಂದ್ರೆ ಇದೇ" ಅಂದ್ರು ಭಾವ. ಪವರ್ ಆಂಪಿನ ಇನ್‌ಪುಟಲ್ಲೇ 10 ಡಿಬಿ ಇನ್‌ಲೈನ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸೋ ಪುಟ್ಟ ಅಡಾಪ್ಟರ್) ಹಾಕ್ದೆ, ಎಕ್ಸ್‌ಎಲ್‌ಆರ್ ದು, ಜೋಡಿಗೆ ಸಾವಿರಗಳ ಲೆಕ್ಕ ಅಷ್ಟೇ. ಪ್ರೊಸೆಸರ್ ಕಡೆ ಅಲ್ಲ, ಆಂಪ್ ಕಡೆ ಹಾಕ್ಬೇಕು. ವಾಲ್ಯೂಂ ಮೈನಸ್ 38ಕ್ಕೆ ಬಂತು, ಹಿಸ್ಸು ಕೇಳ್ಬೇಕಾದ್ರೆ ಟ್ವೀಟರಿಗೆ ಕಿವಿ ಅಂಟಿಸ್ಬೇಕು. ಪ್ರೊಸೆಸರ್ ಸರಿ ಇಲ್ಲ ಅಂತ ಮಾರಿದವ್ರಲ್ಲಿ ಅರ್ಧ ಜನಕ್ಕೆ ಇದೊಂದೇ ಸಮಸ್ಯೆ ಇದ್ದಿದ್ದು ಅಂತ ನನ್ನ ಗುಮಾನಿ.

ಈಗ ಮುಖ್ಯ ವಿಷಯ. ಎಲ್ರೂ ಮಾಡೋದು ಏನಂದ್ರೆ ಹಾಡಿಗೆ ಪ್ಯೂರ್ ಡೈರೆಕ್ಟ್ ಒತ್ತಿ ಕೂತ್ಕೊಳ್ಳೋದು. ಡೈರೆಕ್ಟಲ್ಲಿ ಡಿಎಸ್‌ಪಿ (ಧ್ವನಿಯನ್ನ ಡಿಜಿಟಲಲ್ಲಿ ತಿದ್ದೋ ಭಾಗ) ಆಫ್, ಅಲ್ಲಿಗೆ ಕ್ರಾಸ್‌ಓವರ್ (ಕೆಳಗಿನ ಸ್ವರ ಸಬ್ಬಿಗೆ, ಮೇಲಿನದು ಸ್ಪೀಕರಿಗೆ ಹಂಚೋ ಗಡಿ), ಸಬ್, ಕರೆಕ್ಷನ್ ಎಲ್ಲ ಹೋಯ್ತು, ಬೀರು ಮತ್ತೆ ಗುಂಯ್. ಇಲ್ಲ ಅಂದ್ರೆ ಸಿನಿಮಾಗೆ ಮಾಡಿದ ಸೆಟ್ಟಿಂಗಲ್ಲೇ ಹಾಡು ಹಾಕ್ತಾರೆ, ಸಬ್ ನಾಲ್ಕೈದು ಡಿಬಿ ಏರ್ಸಿರ್ತಾರೆ, ಕರೆಕ್ಷನ್ 20 ಸಾವಿರ ಹರ್ಟ್ಸ್ ತನಕ, ಧ್ವನಿಯಲ್ಲಿ ಜೀವ ಇಲ್ಲ ಅಂತ ಬೈತಾರೆ. ನಾನು ಎರಡು ಸ್ಲಾಟ್ ಬೇರೆ ಬೇರೆ ಮಾಡ್ದೆ. ಒಂದು ಸಿನಿಮಾಗೆ: ಎಲ್ಲ ಸ್ಪೀಕರ್ ಸ್ಮಾಲ್ (ಅಂದ್ರೆ ಅವುಗಳ ಬೇಸ್ ಸಬ್ಬಿಗೆ), ಕ್ರಾಸ್‌ಓವರ್ 80 ಹರ್ಟ್ಸ್, ಸಬ್ ಜಾಸ್ತಿ. ಇನ್ನೊಂದು ಬರೀ ಎರಡು ಸ್ಪೀಕರ್ ಒಂದು ಸಬ್: ಕ್ರಾಸ್‌ಓವರ್ 60ರ ಹತ್ರ, ಡಿರಾಕ್ ಕರ್ಟನ್ (ಎಲ್ಲಿ ತನಕ ತಿದ್ದಬೇಕು ಅನ್ನೋ ಗಡಿ) 300 ಹರ್ಟ್ಸಿಗೆ ಎಳೆದು ನಿಲ್ಸಿದ್ದು. ಅದ್ರ ಮೇಲೆ ಸ್ಪೀಕರ್ ಹೆಂಗಿದೆಯೋ ಹಂಗೇ. ಕೆಳಗಿರೋದು ರೂಮಿನ ತಪ್ಪು, ಅದನ್ನ ತಿದ್ದೋದು, ಮೇಲಿರೋದು ಸ್ಪೀಕರಿನ ಸ್ವಭಾವ, ಅದಕ್ಕೆ ದುಡ್ಡು ಕೊಟ್ಟಿದೀನಲ್ಲ, ಅದನ್ನ ಯಾಕೆ ಮುಟ್ಲಿ.

ಹಂಗೂ 65 ಹರ್ಟ್ಸ್ ಹತ್ರ ಸದ್ದು ಕುಸಿಯೋ ಒಂದು ಗುಂಡಿ ಉಳೀತು, ಎಂಟೊಂಬತ್ತು ಡಿಬಿ. ಸಬ್ಬೂ ಸ್ಪೀಕರೂ ಸೇರೋ ಜಾಗದಲ್ಲಿ ಒಂದಕ್ಕೊಂದು ಹೊಡೀತಿದ್ವು. ಸಬ್ಬಿನ ಜಾಗ ಬದಲಾಯ್ಸದೇ, ಮೆನುನಲ್ಲಿ ಸಬ್ಬಿನ ಡಿಸ್ಟೆನ್ಸ್ ಒಂದೊಂದೇ ಅಡಿ ಬದಲಾಯ್ಸ್ತಾ ರೂಂ ಅಳೆಯೋ ಸಾಫ್ಟ್‌ವೇರ್ ಆರ್‌ಇಡಬ್ಲ್ಯೂನಲ್ಲಿ ಸ್ವೀಪ್ (ಕೆಳಗಿಂದ ಮೇಲಕ್ಕೆ ಏರೋ ಟೆಸ್ಟ್ ಸ್ವರದ ಅಳತೆ) ತಗೊಂಡೆ. ಒಂದು ಅಡಿ ಅಂದ್ರೆ ಸುಮಾರು ಒಂದು ಮಿಲಿಸೆಕೆಂಡ್. ನಾಲ್ಕನೇ ಅಡಿಗೆ ಗುಂಡಿ ಅರ್ಧ ತುಂಬ್ತು, ಇನ್ನೊಂದಕ್ಕೆ ಗೆರೆ ಹೆಚ್ಚುಕಮ್ಮಿ ನೆಟ್ಟಗಾಯ್ತು. ಸಬ್ ಎಲ್ಲಿಟ್ಟಿದೀನಿ, ಟಾರ್ಗೆಟ್ ಕರ್ವ್ ಎಷ್ಟು ಇಳಿಸಿದೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಮನೆಗೆ ಬಂದ್ರೆ ಕಾಫಿ ಕೊಟ್ಟು ತೋರಿಸ್ತೀನಿ.

ಸ್ವೀಪ್ ಅಂದಾಗ ನೆನಪಾಯ್ತು, ಜುಲೈನಲ್ಲಿ ನಮ್ಮ ಕಡೆ ಅಳತೆಗೆ ಕೂತ್ರೆ ಸುಮ್ನೆ ಟೈಮ್ ವೇಸ್ಟ್. ಹೆಂಚಿನ ಮೇಲೆ ಜೋರು ಮಳೆ ಬಿದ್ರೆ ಮೈಕಲ್ಲಿ 60 ಡಿಬಿ ದಾಟುತ್ತೆ. ಬೇಸ್ ಗೆರೆ ಒಂದು ಮಟ್ಟಿಗೆ ಸಿಗುತ್ತೆ, ಮೇಲಿನದೆಲ್ಲ ಕಸ. ಅದ್ರ ಮೇಲೆ ಕರೆಂಟ್ ಬೇರೆ ಇರಲ್ಲ. ನಾನು ಎಲ್ಲ ಮುಗ್ಸಿದ್ದು ಪುತ್ತರಿ ಕಳೆದ್ಮೇಲೆ, ರಾತ್ರಿ ಹತ್ತರ ನಂತರ. ಹಗಲು ಕೊಯ್ಲು, ರಾತ್ರಿ ಸ್ವೀಪು, ಮನೇಲಿ ಬೈಗುಳ.

ಆ ಕೊಯ್ಲಲ್ಲೇ ಇನ್ನೊಂದು ಆಟ ಆಡ್ದೆ. ಕಾಫಿ ಸಿಪ್ಪೆ ತುಂಬಿದ ಗೋಣಿಚೀಲ ಮೂಲೆಗೆ ಅಟ್ಟದ ತನಕ ಪೇರಿಸಿ ಬೇಸ್ ಟ್ರ್ಯಾಪ್ (ಬೇಸ್ ಹೀರೋ ವಸ್ತು) ಆಗುತ್ತಾ ಅಂತ ನೋಡ್ದೆ. 43ರಲ್ಲಿ ಒಂದು ಚೂರೂ ಅಲ್ಲಾಡ್ಲಿಲ್ಲ. ಆದ್ರೆ ಮೇಲಿನ ಪ್ರತಿಧ್ವನಿ ಚೆನ್ನಾಗಿ ಕಮ್ಮಿ ಆಯ್ತು, ಗಾಯಕಿ ಧ್ವನಿ ಎರಡು ಸ್ಪೀಕರ್ ಮಧ್ಯ ಗಟ್ಟಿ ಕೂತ್ಕೊಳ್ತು. ವಾರದಲ್ಲಿ ಹುಳ ಬಂತು, ಅಮ್ಮ ಆಳು ಕರೆಸಿ ಎಲ್ಲ ಆಚೆ ಹಾಕ್ಸಿದ್ರು. ಈಗ ಅಲ್ಲಿ ಹಳೇ ಕಂಬಳಿ ನೇತಾಡ್ತಿದೆ, ಅರ್ಧ ಕೆಲ್ಸ ಆಗುತ್ತೆ.

ಸ್ಟ್ರೀಮರ್ (ನೆಟ್ಟಿಂದ ಹಾಡು ಹಾಕೋ ಪೆಟ್ಟಿಗೆ) ವಿಷಯ. ಇದ್ರ ಒಳಗೆ ಒಳ್ಳೆ ಡ್ಯಾಕ್ (ಡಿಜಿಟಲನ್ನ ಅನಲಾಗ್ ಮಾಡೋ ಭಾಗ) ಇದೆ ಅಂತ ಅನಲಾಗ್ ಔಟಿಂದ ಪ್ರೊಸೆಸರಿಗೆ ಕೊಟ್ರೆ, ಪ್ರೊಸೆಸರ್ ಅದನ್ನ ಮತ್ತೆ ಡಿಜಿಟಲ್ ಮಾಡಿ ಕರೆಕ್ಷನ್ ಮುಗ್ಸಿ ಮತ್ತೆ ಅನಲಾಗ್ ಮಾಡುತ್ತೆ, ಆ ಡ್ಯಾಕಿಗೆ ಕೊಟ್ಟ ದುಡ್ಡು ದಂಡ. ಕೋಆಕ್ಸ್ ಕೇಬಲಲ್ಲಿ ನೇರ ಡಿಜಿಟಲ್ ಕೊಡಿ. ನಾನು ನನ್ನ ಹೊರಗಿನ ಡ್ಯಾಕ್ ಮಾರ್ಬಿಟ್ಟೆ, ಆ ದುಡ್ಡಲ್ಲಿ ಮೈಕೂ ಅಟೆನ್ಯುಯೇಟರೂ ಬಂತು.

ಪರೀಕ್ಷೆ ಅಂತೂ ಆಗ್ಲೇಬೇಕಿತ್ತು, ಭಾವ ಮೈಸೂರಿಂದ ತಮ್ಮ ಸ್ಟೀರಿಯೋ ಪ್ರಿಆಂಪನ್ನೇ ಕಾರಲ್ಲಿ ಹಾಕ್ಕೊಂಡು ಬಂದ್ರು. ಲೆವೆಲ್ ಒಂದೇ ಮಾಡದೇ ಕೇಳಿದ್ರೆ ಯಾವ್ದು ಜೋರೋ ಅದೇ ಚೆನ್ನಾಗಿ ಕೇಳುತ್ತೆ, ಅದಕ್ಕೆ 100 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲಲ್ಲಿ ಮಲ್ಟಿಮೀಟರ್ ಇಟ್ಟು ಎರಡಕ್ಕೂ 2 ವೋಲ್ಟ್, ಹೆಚ್ಚಂದ್ರೆ 0.05 ವ್ಯತ್ಯಾಸ. ಸಾಮಾನ್ಯ ಮೀಟರ್ 1 ಕಿಲೋಹರ್ಟ್ಸಲ್ಲಿ ಸುಳ್ಳು ಹೇಳುತ್ತೆ, ಅದಕ್ಕೇ 100. ಪ್ರೊಸೆಸರ್ ಡೈರೆಕ್ಟಲ್ಲಿ, ಪಕ್ಕದಲ್ಲಿ ಅವ್ರ ಪ್ರಿಆಂಪ್, ಕೇಬಲ್ ಬದಲಾಯ್ಸೋಕೆ ನನ್ನ ತಮ್ಮ, ಮಧ್ಯ ಬೆಡ್‌ಶೀಟ್ ಅಡ್ಡ. ಭಾವ ಒಂದ್ಸಲ ಸರಿ ಹೇಳೋರು, ಇನ್ನೊಂದ್ಸಲ ತಪ್ಪು. ಆಮೇಲೆ ಹೇಳ್ದೆ ಕೇಳ್ದೆ ಎರಡನೇ ಸ್ಲಾಟ್ ಹಾಕ್ದೆ. ಬೇಸ್ ಗಿಟಾರಿನ ಒಂದೊಂದು ಸ್ವರ ಬೇರೆ ಬೇರೆ ಕೇಳಿದ ಕೂಡ್ಲೇ "ಇದೇ ನನ್ನ ಪ್ರಿಆಂಪ್!" ಅಂದ್ರು. ತಮ್ಮ ಬೆಡ್‌ಶೀಟ್ ಹಿಂದೆ ನಕ್ಕಿದ್ದು ಹೊರಗೆ ಕೇಳ್ತು.

ಖರ್ಚು ಕೇಳ್ತೀರ ಅಂತ ಗೊತ್ತು. ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಸಬ್, ಮೈಕು, ಅಟೆನ್ಯುಯೇಟರ್, ಅರ್ತ್ ಗುಂಡಿ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಆಸುಪಾಸು, ಪವರ್ ಆಂಪ್ ಸ್ಪೀಕರ್ ಮೊದ್ಲೇ ಇದ್ವು. ಮಳೆಗಾಲಕ್ಕೆ ಇಟ್ಟಿರೋ ಡಿಹ್ಯುಮಿಡಿಫೈಯರ್ ಇದ್ರಲ್ಲಿ ಸೇರ್ಸಿಲ್ಲ, ಅದು ಇಲ್ದಿದ್ರೆ ಎಲ್‌ಪಿ ಕವರಿಗೆಲ್ಲ ಬೂಷ್ಟು ಹಿಡಿಯುತ್ತೆ, ಹೆಂಗಿದ್ರೂ ಬೇಕು.

ಟರ್ನ್‌ಟೇಬಲ್ ಒಂದು ಇನ್ನೂ ದಾರಿಗೆ ಬಂದಿಲ್ಲ. ಸ್ವಲ್ಪ ಬಾಗಿದ ರೆಕಾರ್ಡ್ ಹಾಕಿದ್ರೆ ಎರಡನೇ ಸ್ಲಾಟಲ್ಲಿ ಸಬ್ಬಿನ ಕೋನ್ ಸದ್ದಿಲ್ದೆ ಒಳಗೆ ಹೊರಗೆ ಓಡಾಡುತ್ತೆ, ಹತ್ತು ಹರ್ಟ್ಸಿನ ಕೆಳಗಿನ ಆಟ ಅದು. ಸದ್ಯಕ್ಕೆ ಎಲ್‌ಪಿಗೆ ಮಾತ್ರ ಸಬ್ ಆಫ್. ಸಬ್‌ಸಾನಿಕ್ ಫಿಲ್ಟರ್ (ಆ ಕೆಳಗಿನ ಅಲುಗಾಟ ತಡೆಯೋದು) ಇರೋ ಫೋನೋ ಸ್ಟೇಜ್ (ಟರ್ನ್‌ಟೇಬಲಿನ ಸಣ್ಣ ಸಿಗ್ನಲ್ ಹಿಗ್ಗಿಸೋ ಪೆಟ್ಟಿಗೆ) ಒಂದು ನೋಡಿಟ್ಟಿದೀನಿ, ಕಾಳುಮೆಣಸು ಮಾರಿದ್ಮೇಲೆ.