ಎಂಎಫ್‌ಎ ಅರ್ಜಿಗೆ ಮುಂಚೆ: ಪೋರ್ಟ್‌ಫೋಲಿಯೊ ರಿವ್ಯೂ ದಿನಗಳಲ್ಲಿ ನನ್ನ ಅನುಭವ

ಹೊರದೇಶದಲ್ಲಿ ಎಂಎಫ್‌ಎ (ಕಲೆಯಲ್ಲಿ ಸ್ನಾತಕೋತ್ತರ ಡಿಗ್ರಿ) ಮಾಡುವ ಆಸೆ ಇರುವ ನಮ್ಮ ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಎರಡೇ ಪ್ರಶ್ನೆ. ಇಂಗ್ಲಿಷ್ ಪರೀಕ್ಷೆ ಕಷ್ಟಾನಾ? ದುಡ್ಡು ಎಷ್ಟು ಬೇಕು? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಪೋರ್ಟ್‌ಫೋಲಿಯೊ ರಿವ್ಯೂ ದಿನಗಳು. ನಾವು ಆರಿಸಿ ಜೋಡಿಸಿಟ್ಟ ಕೃತಿಗಳನ್ನು, ಅಂದರೆ ಪೋರ್ಟ್‌ಫೋಲಿಯೊವನ್ನು, ಕಲಾಶಾಲೆಯವರು ನೋಡಿ ಮಾತಾಡುವ ದಿನಗಳು ಇವು. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅಂಥದ್ದೊಂದು ಇದೆ ಅಂತಲೇ ನಮ್ಮ ಕಡೆ ಗೊತ್ತಿರುವುದಿಲ್ಲ. ನನಗೆ ಹೇಳಿದ್ದು ಕಾಲೇಜಿನಲ್ಲಿ ಸೀನಿಯರ್ ಆಗಿದ್ದ ಒಬ್ಬ ಅಕ್ಕ.

ಅಮೆರಿಕದಲ್ಲಿ ನ್ಯಾಷನಲ್ ಪೋರ್ಟ್‌ಫೋಲಿಯೊ ಡೇ ಅಂತ ಹಲವು ದಶಕಗಳಿಂದ ನಡೆಯುತ್ತಿದೆ. ಅದು ಮುಖ್ಯವಾಗಿ ಹೈಸ್ಕೂಲ್ ಮುಗಿಸಿ ಕಲಾಶಾಲೆಗೆ ಸೇರುವ ಮಕ್ಕಳಿಗೆ. ಎಂಎಫ್‌ಎ, ಎಂಎ ಥರದ ಕೋರ್ಸ್‌ಗಳಿಗೆ ಗ್ರಾಜುಯೇಟ್ ಪೋರ್ಟ್‌ಫೋಲಿಯೊ ಡೇ ಅಂತ ಬೇರೆಯೇ ಇದೆ. ಒಂದು ದೊಡ್ಡ ಹಾಲ್, ಸಾಲಾಗಿ ಟೇಬಲ್‌ಗಳು, ಒಂದೊಂದು ಟೇಬಲ್‌ಗೆ ಒಂದು ಶಾಲೆ. ನಿಮ್ಮ ಕೆಲಸ ಹಿಡಿದುಕೊಂಡು ಸರದಿಯಲ್ಲಿ ನಿಲ್ಲುತ್ತೀರಿ. ಆ ಶಾಲೆಯ ಮೇಷ್ಟ್ರೋ ಅಡ್ಮಿಷನ್ ವಿಭಾಗದವರೋ ಸ್ವಲ್ಪ ಹೊತ್ತು ನೋಡಿ ಮಾತಾಡುತ್ತಾರೆ. ಹೋಗುವವರು ಶುಲ್ಕ ಕಟ್ಟಬೇಕಾಗಿಲ್ಲ. 2020ರಲ್ಲಿ ಕೊರೊನಾ ಬಂದ ಮೇಲೆ ಇವು ಆನ್‌ಲೈನ್‌ನಲ್ಲೂ ನಡೆದವು. ಬಳ್ಳಾರಿಯಲ್ಲಿ ಕೂತವರಿಗೆ ದಾರಿ ಸಿಕ್ಕಿದ್ದು ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಿವ್ಯೂನಲ್ಲಿ ಸೀಟು ಕೊಡುವುದಿಲ್ಲ, ತೆಗೆಯುವುದೂ ಇಲ್ಲ. ನಮ್ಮಲ್ಲಿ ಬರೋಡಾ, ಶಾಂತಿನಿಕೇತನದ ಕಲಾಶಾಲೆಗಳು ಅಂದರೆ ಕೆಲಸ ತೋರಿಸುವುದು ಆಯ್ಕೆಯ ಭಾಗ. ಎದುರಿಗೆ ಕೂತವರು ಪರೀಕ್ಷಕರು. ನಾವು ಕೈಕಟ್ಟಿ ನಿಂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ರೂಢಿ. ಇಲ್ಲಿ ಹಾಗಿಲ್ಲ. ಅರ್ಜಿ ಹಾಕುವುದಕ್ಕೂ ಮುಂಚೆ ನಡೆಯುವ ಮಾತುಕತೆ ಇದು. ಅವರು ನಮ್ಮನ್ನು ನೋಡುವಷ್ಟೇ ನಾವೂ ಅವರನ್ನು ನೋಡಬಹುದು. ಇದು ತಲೆಗೆ ಹತ್ತಿದ ಮೇಲೆಯೇ ನನಗೆ ಬಾಯಿ ಬಂತು.

ನನ್ನ ಕೆಲಸ ಏನು ಅಂತ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಪ್ಪ ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಬಳ್ಳಾರಿಯ ಜೀನ್ಸ್ ದೇಶಕ್ಕೆಲ್ಲ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಹೊಸ ಪ್ಯಾಂಟಿನ ತೊಡೆಯ ಮೇಲೆ, ಮೊಣಕಾಲಿನ ಹತ್ತಿರ ಬಿಳಿಚಿಕೊಂಡಂತೆ ಇರುತ್ತದಲ್ಲ, ಎಷ್ಟೋ ಯೂನಿಟ್‌ಗಳಲ್ಲಿ ಅದನ್ನು ಎಮರಿ ಪೇಪರ್ ಹಿಡಿದು ಕೈಯಿಂದಲೇ ಉಜ್ಜಿ ತೆಗೆಯುತ್ತಾರೆ. ಡೆನಿಮ್‌ನಲ್ಲಿ ಉದ್ದೆಳೆಗೆ ಮಾತ್ರ ನೀಲಿ ಬಣ್ಣ, ಅಡ್ಡೆಳೆ ಬಿಳಿ. ಆ ನೀಲಿಯೂ ನೂಲಿನ ಹೊರಮೈಗೆ ಅಷ್ಟೇ ಹಿಡಿದಿರುತ್ತದೆ, ಒಳಗೆ ಬೆಳ್ಳಗೇ ಇರುತ್ತದೆ. ಉಜ್ಜಿದರೆ ಒಳಗಿನ ಬಿಳುಪು ಮೇಲೆ ಬರುತ್ತದೆ. ಕಟಿಂಗ್‌ನಲ್ಲಿ ಉಳಿದ ಡೆನಿಮ್ ತುಂಡುಗಳನ್ನು ಜೋಡಿಸಿ ಹೊಲಿದು, ಅದರ ಮೇಲೆ ಎಮರಿ ಪೇಪರ್‌ನಿಂದ ಉಜ್ಜಿ ಉಜ್ಜಿ ನಾನು ಚಿತ್ರ ಬಿಡಿಸುತ್ತೇನೆ. ಬಣ್ಣ ಹಚ್ಚುವ ಕೆಲಸವೇ ಇಲ್ಲ, ಇರುವ ಬಣ್ಣ ತೆಗೆಯುವುದು ಮಾತ್ರ. ಯೂನಿಟ್‌ನಲ್ಲಿ ಕೆಲಸ ಮಾಡುವವರ ಕೈ, ಬೆನ್ನು, ಮಷೀನಿನ ಮೇಲೆ ಬಗ್ಗಿದ ಕತ್ತು, ಇವೇ ನನ್ನ ಚಿತ್ರಗಳು.

ಡೆನಿಮ್‌ನ ಫೋಟೊ ತೆಗೆಯುವುದು ಸುಲಭವಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ನೀಲಿ ಹೋಗಿ ಕಪ್ಪಾಗುತ್ತದೆ. ನೇರ ಬಿಸಿಲಿನಲ್ಲಿ ಎಳೆಗಳೆಲ್ಲ ಮಿಂಚಿ, ಉಜ್ಜಿದ ಗೆರೆ ಕಾಣುವುದೇ ಇಲ್ಲ. ಬೆಳಗ್ಗೆ ಮಾಳಿಗೆಯ ಮೇಲೆ, ನೆರಳು ಬೀಳುವ ಗೋಡೆಗೆ ಹಾಕಿ ತೆಗೆದೆ. ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಒಂದನ್ನು ಇಟ್ಟುಕೊಂಡು ಬಣ್ಣ ಸರಿ ಮಾಡಿಕೊಂಡೆ. ಬಟ್ಟೆ ನೇರ ನಿಲ್ಲಿಸಿಕೊಟ್ಟದ್ದು ಅಪ್ಪ. "ಎಳೆ ನೋಡವ್ವ, ಎಳೆ ಓರೆ ಆದ್ರ ಚಿತ್ರನೂ ಓರೆನೇ ಕಾಣ್ತೈತಿ" ಅಂತ ಕ್ಲಿಪ್ ತೆಗೆದು ತೆಗೆದು ಮತ್ತೆ ಹಾಕುತ್ತಿದ್ದರು. ಪ್ರತಿ ಕೃತಿಗೂ ಪೂರ್ತಿ ಫೋಟೊ ಒಂದು. ಮುಖ್ಯವಾದವುಗಳಿಗೆ ಹತ್ತಿರದಿಂದ ಒಂದು. ಕೆಲವಕ್ಕೆ ಪಕ್ಕದಲ್ಲಿ ಮನುಷ್ಯರು ನಿಂತದ್ದೂ ಒಂದು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಳೆತ್ತರದ ಕೃತಿಯೂ ಅಂಗೈಯಗಲದ ಕೃತಿಯೂ ಪರದೆಯ ಮೇಲೆ ಒಂದೇ ಅಳತೆಯಲ್ಲಿ ಕಾಣುತ್ತವೆ. ನನ್ನ ಬಟ್ಟೆಗಳು ದೊಡ್ಡವು. ಅದು ಗೊತ್ತಾಗದಿದ್ದರೆ ಅರ್ಧ ಕೆಲಸ ಕಾಣಿಸಿದ ಹಾಗೆಯೇ ಇಲ್ಲ. ಪ್ರತಿಯೊಂದರ ಕೆಳಗೆ ಹೆಸರು, ವರ್ಷ, ಯಾವುದರಿಂದ ಮಾಡಿದ್ದು, ಅಳತೆ ಬರೆದೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅಲ್ಲಿನ ರೂಢಿ ಹಾಗೆ.

ಇನ್ನು ಆಯ್ಕೆ. ಹೆಚ್ಚಿನ ಶಾಲೆಗಳು ಅರ್ಜಿಯ ಜೊತೆಗೆ 10ರಿಂದ 20 ಚಿತ್ರಗಳನ್ನು ಕೇಳುತ್ತವೆ. ರಿವ್ಯೂಗೂ ಅಷ್ಟೇ ಸಾಕು. ನಮ್ಮ ಬಿವಿಎ (ಕಲೆಯ ಡಿಗ್ರಿ) ಫೈಲ್‌ಗಳಲ್ಲಿ ಎಲ್ಲ ಇರುತ್ತದೆ: ಪೆನ್ಸಿಲ್ ಸ್ಟಡಿ, ಸ್ಟಿಲ್ ಲೈಫ್, ಹಂಪಿಯ ಲ್ಯಾಂಡ್‌ಸ್ಕೇಪ್, ಕಾಂಪೋಸಿಷನ್, ಒಂದೆರಡು ಪ್ರಿಂಟ್. ಡಿಗ್ರಿಗೆ ಸೇರುವವರ ರಿವ್ಯೂನಲ್ಲಿ ಇವೆಲ್ಲ ಇದ್ದರೆ ಚೆನ್ನ. ನೋಡಿ ಬಿಡಿಸುವ ಕೈ ಎಷ್ಟು ಪಳಗಿದೆ ಅಂತ ಅವರು ನೋಡುತ್ತಾರೆ. ಎಂಎಫ್‌ಎ ವಿಷಯ ಬೇರೆ. ಕೈ ಪಳಗಿದೆ ಅಂತ ಅವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಈಚಿನ ಎರಡು ಮೂರು ವರ್ಷದಲ್ಲಿ ಯಾವ ಒಂದು ವಿಚಾರದ ಬೆನ್ನು ಹತ್ತಿದ್ದೀರಿ, ಅದು ಎಲ್ಲಿಗೆ ಹೊರಟಿದೆ ಅಂತ ಕೇಳುತ್ತಾರೆ. ನಾನು ಡೆನಿಮ್ ಕೆಲಸ ಬಿಟ್ಟು ಬೇರೆ ಏನನ್ನೂ ಇಡಲಿಲ್ಲ. ಬಹುಮಾನ ಬಂದ ಹಂಪಿ ಚಿತ್ರವನ್ನು ಹೊರಗೆ ಇಡುವಾಗ ಹೊಟ್ಟೆ ಉರಿಯಿತು, ನಿಜ. ಆದರೆ ಅದು ಒಳಗಿದ್ದರೆ ಮಾತು ಆ ಕಡೆ ಹೋಗುತ್ತದೆ, ಅಲ್ವಾ?

ಆನ್‌ಲೈನ್ ರಿವ್ಯೂಗೆ ಮೊದಲೇ ಹೆಸರು ಬರೆಸಿ, ಶಾಲೆಗಳಿಗೆ ಹೊತ್ತು ಗೊತ್ತು ಮಾಡಿಕೊಳ್ಳಬೇಕಿತ್ತು. ಗಡಿಯಾರದ ವಿಷಯದಲ್ಲಿ ಎಚ್ಚರ ಬೇಕು. ನ್ಯೂಯಾರ್ಕ್‌ನ ಮಧ್ಯಾಹ್ನ 12 ಗಂಟೆ ಅಂದರೆ ಅಕ್ಟೋಬರ್‌ನಲ್ಲಿ ನಮಗೆ ರಾತ್ರಿ 9:30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದಾಚೆಗೆ ಅದೇ ಹೊತ್ತು ನಮಗೆ 10:30. ಕರೆಂಟ್ ಹೋದರೆ ಇರಲಿ ಅಂತ ಲ್ಯಾಪ್‌ಟಾಪ್ ತುಂಬಾ ಚಾರ್ಜ್ ಮಾಡಿಟ್ಟು, ಫೋನಿನ ಹಾಟ್‌ಸ್ಪಾಟ್ ತಯಾರು ಇಟ್ಟುಕೊಂಡಿದ್ದೆ. ಚಿತ್ರಗಳನ್ನು ಒಂದೇ ಪಿಡಿಎಫ್ ಮಾಡಿ, ಸ್ಕ್ರೀನ್ ಶೇರ್ ಮಾಡುವಾಗ ಬೇರೆ ಏನೂ ತೆರೆದಿರದಂತೆ ನೋಡಿಕೊಂಡೆ. ಈ ಭಾಗದ ಬಗ್ಗೆ ಇಷ್ಟು ಸಾಕು.

ಮಾತಿನ ಬಗ್ಗೆ ಹೇಳಬೇಕು. ಮೊದಲ ರಿವ್ಯೂನಲ್ಲಿ ನಾನು ಜೀನ್ಸ್ ಉದ್ಯಮ, ಕೂಲಿ, ನಮ್ಮ ಮನೆ, ಎಲ್ಲ ವಿವರಿಸಿದೆ. ಎದುರಿಗಿದ್ದ ಮೇಷ್ಟ್ರು, ಪೇಂಟರ್ ಅಂತ ಕಾಣುತ್ತದೆ, ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಒಂದು ಬೆನ್ನಿನ ಚಿತ್ರಕ್ಕೆ ವಾಪಸ್ ಹೋಗಿ ಕೇಳಿದರು: "ಯಾವಾಗ ಉಜ್ಜುವುದನ್ನು ನಿಲ್ಲಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?" ಈ ಪ್ರಶ್ನೆಯನ್ನು ಕಾಲೇಜಿನಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಜಾಸ್ತಿ ಉಜ್ಜಿದರೆ ಬಟ್ಟೆ ಹರಿಯುತ್ತದೆ, ಕೆಲವು ಕಡೆ ಬೇಕಂತಲೇ ಹರಿಯುವ ತನಕ ಉಜ್ಜುತ್ತೇನೆ ಅಂದೆ. "ಹಾಗಾದರೆ ನಿಮ್ಮ ಕೆಲಸ ಅಲ್ಲೇ ಇದೆ, ಅಲ್ಲಿಂದಲೇ ಶುರು ಮಾಡಿ" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಕುಪ್ಪಗಲ್ಲು. ಊರ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳನ್ನು ನೀವು ನೋಡಿರಬಹುದು. ಅಲ್ಲಿ ನವಶಿಲಾಯುಗದ ಜನ ಕರಿಕಲ್ಲಿನ ಮೇಲೆ ಕಲ್ಲಿನಿಂದಲೇ ಕುಟ್ಟಿ ಉದ್ದ ಕೊಂಬಿನ ಎತ್ತುಗಳನ್ನು ಬಿಡಿಸಿದ್ದಾರೆ. ಮೇಲಿನ ಕಪ್ಪು ಪದರ ಹೋಗಿ, ಒಳಗಿನ ತಿಳಿ ಬಣ್ಣ ಗೆರೆಯಾಗಿ ಕಾಣುತ್ತದೆ. ತೆಗೆದು ತೆಗೆದು ಚಿತ್ರ ಮಾಡುವುದು ನಮ್ಮ ನೆಲದಲ್ಲಿ ಸಾವಿರಾರು ವರ್ಷಗಳ ಕೆಲಸ. ನಾನು ಅದನ್ನು ಬಟ್ಟೆಯ ಮೇಲೆ ಮಾಡುತ್ತಿದ್ದೇನೆ. ಇದು ಮೊದಲೂ ನನ್ನೊಳಗೆ ಇತ್ತು. ಅಪರಿಚಿತರೊಬ್ಬರು ಸರಿಯಾದ ಕಡೆ ಕೈ ಇಟ್ಟು ಕೇಳಿದ್ದರಿಂದ ಬಾಯಿಗೆ ಬಂತು. ಮುಂದಿನ ರಿವ್ಯೂಗಳಲ್ಲಿ ನನ್ನ ಮೊದಲ ಮಾತೇ ಬದಲಾಯಿತು: "ನಾನು ಡೆನಿಮ್‌ನಿಂದ ಬಣ್ಣ ತೆಗೆದು ಚಿತ್ರ ಬಿಡಿಸುತ್ತೇನೆ. ಬಳ್ಳಾರಿಯಲ್ಲಿ ಕೂಲಿಗೆ ಮಾಡುವ ಕೆಲಸ ಇದು." ಇಷ್ಟೇ. ಉಳಿದದ್ದನ್ನು ಅವರೇ ಕೇಳುತ್ತಿದ್ದರು. ಹರಿದ ಬಟ್ಟೆಯ ಕೃತಿ ಪಿಡಿಎಫ್‌ನ ಕೊನೆಯಿಂದ ಮೊದಲಿಗೆ ಬಂತು. ಅರ್ಜಿಯ ಜೊತೆ ನಮ್ಮ ಕೆಲಸದ ಬಗ್ಗೆ ಬರೆಯಬೇಕಾದ ಸ್ಟೇಟ್‌ಮೆಂಟ್‌ನ ಮೊದಲ ಪ್ಯಾರಾ ಕೂಡ ಹಾಗೆಯೇ ಹುಟ್ಟಿತು, ಮೇಜಿನ ಮುಂದೆ ಕೂತು ಬರೆದದ್ದಲ್ಲ.

ಎಲ್ಲರೂ ಹಾಗೆ ಕೇಳಲಿಲ್ಲ. ಒಬ್ಬರು ಚಿತ್ರ ನೋಡಿದ್ದಕ್ಕಿಂತ ಬಡತನದ ಬಗ್ಗೆ ಕೇಳಿದ್ದೇ ಹೆಚ್ಚು. ಕಾರ್ಮಿಕರ ಕಷ್ಟದ ಫೋಟೊ, ವಿಡಿಯೊ ಸೇರಿಸಿದರೆ ಒಳ್ಳೆಯದು ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಮ್ಮಪ್ಪನ ಕೈಯಲ್ಲಿ ನಾನು ನೋಡುವುದು ಕಷ್ಟವನ್ನಷ್ಟೇ ಅಲ್ಲ, ಕಸುಬನ್ನು. ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸುವ ಕಸುಬು ಅದು. ಅದನ್ನು ಕನಿಕರದ ಸರಕು ಮಾಡಲು ನನಗೆ ಇಷ್ಟವಿಲ್ಲ. ಅಲ್ಲಿ ಎರಡು ವರ್ಷ ಇದ್ದರೆ ನನ್ನನ್ನು ಯಾವ ಕಡೆ ತಳ್ಳುತ್ತಾರೆ ಅಂತ ಅವತ್ತೇ ಗೊತ್ತಾಯಿತು. ಆ ಶಾಲೆಯ ಹೆಸರನ್ನು ಪಟ್ಟಿಯಿಂದ ತೆಗೆದೆ. ರಿವ್ಯೂಗೆ ಹೋಗದಿದ್ದರೆ ಅರ್ಜಿ ಶುಲ್ಕವನ್ನೂ ಕಟ್ಟುತ್ತಿದ್ದೆ.

ಆಮೇಲೆ ಬೆಂಗಳೂರಿನಲ್ಲಿ ಹೊರದೇಶದ ಕಲಾಶಾಲೆಗಳವರು ಒಂದು ಹೋಟೆಲ್‌ ಹಾಲ್‌ನಲ್ಲಿ ಪೋರ್ಟ್‌ಫೋಲಿಯೊ ನೋಡುತ್ತಾರೆ ಅಂತ ಗೊತ್ತಾಗಿ, ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಈ ಸಲ ಬಟ್ಟೆಯನ್ನೇ ಒಯ್ದೆ. ಮಡಚಿದರೆ ಉಜ್ಜಿದ ಕಡೆ ಗೆರೆ ಕೂರುತ್ತದೆ. ಅದಕ್ಕೆ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗೆ ಸುತ್ತಿ, ಮೇಲೆ ಹಳೆ ಸೀರೆ ಕಟ್ಟಿದ್ದೆ. ದೊಡ್ಡವನ್ನು ಬಿಟ್ಟು, ಟೇಬಲ್ ಮೇಲೆ ಹರಡಬಹುದಾದ ಸಣ್ಣವನ್ನು ಮಾತ್ರ ಇಟ್ಟುಕೊಂಡೆ. ಮಿಕ್ಕದ್ದೆಲ್ಲ ಲ್ಯಾಪ್‌ಟಾಪ್‌ನಲ್ಲಿ.

ಪರದೆಗೂ ಟೇಬಲ್‌ಗೂ ಇರುವ ವ್ಯತ್ಯಾಸ ಹೇಳಲೇಬೇಕು. ಬಟ್ಟೆ ಬಿಚ್ಚಿದ ತಕ್ಷಣ ನೋಡುವವರ ಕೈ ತಾನಾಗಿ ಮುಂದೆ ಬರುತ್ತಿತ್ತು. "ಮುಟ್ಟಬಹುದಾ?" ಅಂತ ಕೇಳುತ್ತಿದ್ದರು. ಮುಟ್ಟಿ, ತಿರುಗಿಸಿ, ಹಿಂಬದಿ ನೋಡುತ್ತಿದ್ದರು. ಒಬ್ಬ ಮೇಡಂ ಹಿಂಬದಿಯ ಬಿಳಿ ಎಳೆಗಳನ್ನೇ ಬಹಳ ಹೊತ್ತು ನೋಡಿ, ಇದನ್ನು ಗೋಡೆಗೆ ಯಾಕೆ ಹಾಕಬೇಕು, ಎರಡೂ ಕಡೆ ಕಾಣುವ ಹಾಗೆ ತೂಗುಹಾಕಿದರೆ ಹೇಗೆ ಅಂದರು. ಆ ಶಾಲೆಯಲ್ಲಿ ಪೇಂಟಿಂಗ್ ವಿಭಾಗದಲ್ಲಿದ್ದುಕೊಂಡೇ ಫೈಬರ್ (ನೂಲು, ಬಟ್ಟೆಯ ಕಲೆ) ವಿಭಾಗದ ಮಗ್ಗ, ಬಣ್ಣದ ತೊಟ್ಟಿ ಬಳಸಬಹುದು ಅಂತಲೂ ತಿಳಿಸಿದರು. ನಾನು ಸ್ಟುಡಿಯೊ ಬಗ್ಗೆ ಕೇಳಿದೆ. ಪ್ರತಿಯೊಬ್ಬರಿಗೂ ಬೇರೆ ಜಾಗ ಇದೆಯಾ, ರಾತ್ರಿ ಕೆಲಸ ಮಾಡಬಹುದಾ, ಉಜ್ಜುವಾಗ ಏಳುವ ಧೂಳಿಗೆ ಗಾಳಿ ವ್ಯವಸ್ಥೆ ಇದೆಯಾ? ಧೂಳಿನ ಪ್ರಶ್ನೆಗೆ ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು.

ದುಡ್ಡಿನ ಪ್ರಶ್ನೆಯನ್ನೂ ಅಲ್ಲೇ ಕೇಳಿ. ನಾಚಿಕೆ ಬೇಡ. ಫೀಸ್ ಮಾಫಿ ಇದೆಯಾ? ಟೀಚಿಂಗ್ ಅಸಿಸ್ಟೆಂಟ್ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ? ಹೊರದೇಶದವರಿಗೂ ಸಿಗುತ್ತದಾ? ಮೊದಲ ವರ್ಷದಿಂದಲೇನಾ, ಎರಡನೇ ವರ್ಷಕ್ಕಾ? ಖಾಸಗಿ ಕಲಾಶಾಲೆಗಳಲ್ಲಿ ಸ್ಕಾಲರ್‌ಶಿಪ್ ಬಂದರೂ ದೊಡ್ಡ ಮೊತ್ತ ಕೈಯಿಂದ ಬೀಳಬಹುದು. ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಕೆಲಸ ಸಿಕ್ಕರೆ ಫೀಸ್ ಹೊರೆ ಇಳಿದು, ತಿಂಗಳ ಖರ್ಚಿಗೂ ಸ್ವಲ್ಪ ಬರುತ್ತದೆ. ನಮ್ಮಂಥ ಮನೆಯವರು ಹೆಸರು ನೋಡಿ ಶಾಲೆ ಆರಿಸುವ ಹಾಗಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಹೊಲ ಅಡ ಇಟ್ಟು ಕಳಿಸಲು ತಯಾರಾದ ತಂದೆ ತಾಯಿಯರನ್ನು ನೋಡಿದ್ದೇನೆ.

ಪ್ರತಿ ರಿವ್ಯೂ ಮುಗಿದ ಕೂಡಲೇ ಅವರು ಏನು ಕೇಳಿದರು ಅಂತ ಬರೆದಿಡುತ್ತಿದ್ದೆ. ಹೊಗಳಿದ್ದನ್ನು ಬರೆಯುತ್ತಿರಲಿಲ್ಲ, ಪ್ರಶ್ನೆಗಳನ್ನು ಮಾತ್ರ. ಬೇರೆ ಬೇರೆ ಜನ ಒಂದೇ ಕೃತಿಯ ಮೇಲೆ ನಿಂತರೆ ಅದಕ್ಕೆ ಗುರುತು ಹಾಕುತ್ತಿದ್ದೆ. ಯಾರೂ ನಿಲ್ಲದ ಕೃತಿಗಳನ್ನು ಸಾಲಿನಿಂದ ತೆಗೆದೆ, ಒಂದನ್ನು ಬಿಟ್ಟು. ಯಾರೂ ಗಮನಿಸದ, ಅಪ್ಪನ ಕತ್ತರಿಯ ಒಂದು ಸಣ್ಣ ಚಿತ್ರ ಅದು. ನನಗೆ ಅದು ಬೇಕಿತ್ತು, ಇಟ್ಟುಕೊಂಡೆ. ಮಾರನೇ ದಿನ ಎಲ್ಲರಿಗೂ ಒಂದು ಚಿಕ್ಕ ಮೇಲ್ ಕಳಿಸುತ್ತಿದ್ದೆ. ಅವರು ಕೇಳಿದ ಪ್ರಶ್ನೆಯನ್ನು ನೆನಪಿಸಿ, ಆಮೇಲೆ ನಾನು ಮಾಡಿದ ಬದಲಾವಣೆಯ ಒಂದು ಚಿತ್ರ ಸೇರಿಸಿ. ಕೆಲವರು ಉತ್ತರ ಬರೆದರು.

ಅರ್ಜಿಗಳನ್ನು ಡಿಸೆಂಬರ್, ಜನವರಿಯಲ್ಲಿ ಸ್ಲೈಡ್‌ರೂಮ್‌ನಂಥ ಜಾಲತಾಣಗಳಲ್ಲಿ ಹಾಕಿದೆ. ಬಟ್ಟೆಯ ಹಿಂಬದಿ ನೋಡಿದ ಮೇಡಂ ಇದ್ದ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು. ಆಮೇಲೆ ಟೀಚಿಂಗ್ ಅಸಿಸ್ಟೆಂಟ್ ಕೆಲಸದ ಜೊತೆಗೆ ಸೀಟೂ ಬಂತು. ಹಣದ ನೆರವಿನ ಜೊತೆ ಸೀಟು ಕೊಟ್ಟರೆ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ತನಕ ಯೋಚಿಸಲು ಸಮಯ ಕೊಡುತ್ತವೆ. ಅವಸರಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಊರಿಗೆ ಬಂದಾಗ ಭಾನುವಾರ ನಮ್ಮ ಮನೆಯ ಮಾಳಿಗೆಯಲ್ಲಿ ಜೂನಿಯರ್‌ಗಳ ಕೆಲಸ ನೋಡುತ್ತೇನೆ. ಸಿರುಗುಪ್ಪದಿಂದ, ಸಂಡೂರಿನಿಂದ ಬರುತ್ತಾರೆ, ಕೊಪ್ಪಳದಿಂದಲೂ ಬಂದಿದ್ದಾರೆ. ಹದಿನೈದು ನಿಮಿಷ, ಒಬ್ಬರಾದ ಮೇಲೆ ಒಬ್ಬರು. ಮಾತು ಕನ್ನಡದಲ್ಲೇ. ವಿಚಾರ ಕನ್ನಡದಲ್ಲಿ ತಿಳಿಯಾದ ಮೇಲೆ ಇಂಗ್ಲಿಷ್‌ನಲ್ಲಿ ನಾಲ್ಕು ಸಣ್ಣ ವಾಕ್ಯ ಮಾಡಿಕೊಳ್ಳುವುದು ಕಷ್ಟವಿಲ್ಲ. ಈ ವರ್ಷ ಅರ್ಜಿ ಹಾಕುವವರು ಮಳೆಗಾಲದಲ್ಲೇ ಫೋಟೊ ತೆಗೆದು ಮುಗಿಸಿ, ಸೆಪ್ಟೆಂಬರ್‌ನಿಂದಲೇ ಶಾಲೆಗಳ ಪುಟಗಳಲ್ಲಿ ರಿವ್ಯೂ ದಿನಾಂಕ ನೋಡುತ್ತಿರಿ. ಹೆಚ್ಚಿನವು ಅಕ್ಟೋಬರ್, ನವೆಂಬರ್‌ನಲ್ಲೇ ನಡೆದುಹೋಗುತ್ತವೆ.