ಕೂಪೆಯೋ ಕನ್ವರ್ಟಿಬಲ್ಲೋ: ಇಪ್ಪತ್ತೆಂಟು ದಿನಗಳ ಲೆಕ್ಕದ ಪುಸ್ತಕ

ಐವತ್ತೆರಡನೆಯ ವಯಸ್ಸಿನಲ್ಲಿ ಎರಡೇ ಸೀಟಿನ ಕಾರು ಕೊಳ್ಳಲು ಹೊರಟವನಿಗೆ ಬುದ್ಧಿ ಹೇಳುವವರಿಗೆ ಬರವಿರುವುದಿಲ್ಲ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಲೆಕ್ಕಪರಿಶೋಧಕ. ಹುಟ್ಟೂರು ಪಾಂಡವಪುರದ ಬಳಿಯ ಒಂದು ಹಳ್ಳಿ. ಮಕ್ಕಳಿಬ್ಬರೂ ಕೆಲಸ ಹಿಡಿದು ಹೊರಗಿದ್ದಾರೆ, ದಿನಬಳಕೆಗೆ ಮನೆಯಲ್ಲಿ ಬೇರೊಂದು ಕಾರಿದೆ. ಕೊಳ್ಳಬೇಕೇ ಬೇಡವೇ ಎಂಬ ವಿಚಾರ ಒಂದು ವರ್ಷದ ಮಾತುಕತೆಯ ನಂತರ ಮನೆಯಲ್ಲಿ ಇತ್ಯರ್ಥವಾಯಿತು. ಆಮೇಲೆ ಉಳಿದದ್ದು ಮೇಲ್ಛಾವಣಿ ಮುಚ್ಚಿದ ಕೂಪೆಯೋ, ತೆರೆದು ಮಡಿಸುವ ಕನ್ವರ್ಟಿಬಲ್ಲೋ ಎಂಬ ಪ್ರಶ್ನೆ. ನನ್ನ ಒಲವು ಮೊದಲ ದಿನದಿಂದಲೂ ಕನ್ವರ್ಟಿಬಲ್ ಕಡೆಗೇ ಇತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋಲಿಕೆ ನ್ಯಾಯವಾಗಿರಬೇಕೆಂದು ಒಂದೇ ಕಾರಿನ ಎರಡು ರೂಪಗಳನ್ನು ಆರಿಸಿಕೊಂಡೆ. ಪೋರ್ಷೆಯ ಬಾಕ್ಸ್‌ಸ್ಟರ್ ತೆರೆಯುವ ಕಾರು, ಕೇಮನ್ ಅದರದೇ ಕೂಪೆ. 981 ಎಂದು ಕರೆಯುವ ಪೀಳಿಗೆಯಲ್ಲಿ ಎರಡಕ್ಕೂ ಸೀಟಿನ ಹಿಂದೆಯೇ ಕೂರುವ 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, ಶಕ್ತಿ ಬಾಕ್ಸ್‌ಸ್ಟರ್‌ಗೆ 265 ಮತ್ತು ಕೇಮನ್‌ಗೆ 275 ಅಶ್ವಶಕ್ತಿ. ಹೊಸದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಬಳಸಿದ ಕಾರುಗಳಲ್ಲಿಯೂ ಕೆಎ ನೋಂದಣಿಯದನ್ನು ಮಾತ್ರ ನೋಡಿದೆ, ಏಕೆಂದರೆ ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಉಪಕರ ಬೇರೆ. ಹೊರರಾಜ್ಯದ ಕಾರು ತಂದರೆ ವಯಸ್ಸಿಗೆ ತಕ್ಕಂತೆ ಕಡಿಮೆಯಾದರೂ ಆ ತೆರಿಗೆಯನ್ನು ಇಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ದೆಹಲಿಯಿಂದ ಅಗ್ಗಕ್ಕೆ ತರಿಸಿ ಆರ್‌ಟಿಓ ಕಚೇರಿಯಲ್ಲಿ ಬೆವರಿದವರ ಕಡತಗಳನ್ನು ನಾನೇ ನೋಡಿದ್ದೇನೆ.

ಛಾವಣಿ ಕತ್ತರಿಸಿದರೆ ಕಾರು ದುರ್ಬಲವಾಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಕಾರಣವನ್ನು ನನಗೆ ತೋರಿಸಿಕೊಟ್ಟವರು ನಮ್ಮ ಹಳೆಯ ಮೆಕ್ಯಾನಿಕ್. ಮೇಜಿನ ಮೇಲಿದ್ದ ಮೈಸೂರ್ ಪಾಕಿನ ರಟ್ಟಿನ ಡಬ್ಬಿಯನ್ನು ಮುಚ್ಚಳ ಬಿಗಿಯಾಗಿ ಹಾಕಿ ನನ್ನ ಕೈಗೆ ಕೊಟ್ಟು, ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಲು ಹೇಳಿದರು, ಡಬ್ಬಿ ಜಗ್ಗಲಿಲ್ಲ. ಮುಚ್ಚಳ ತೆಗೆದು ತಿರುಚಿದಾಗ ಅದೇ ಡಬ್ಬಿ ಹಪ್ಪಳದಂತೆ ಸೊಟ್ಟಗಾಯಿತು. ಹೀಗೆ ಹೋದ ಬಿಗಿಯನ್ನು ಮರಳಿ ತರಲು ತಯಾರಕರು ಬಾಗಿಲ ಕೆಳಗಿನ ಪಟ್ಟಿ, ನೆಲ, ಮುಂದಿನ ಗಾಜಿನ ಚೌಕಟ್ಟುಗಳಿಗೆ ಹೆಚ್ಚುವರಿ ಲೋಹ ಕೊಡುತ್ತಾರೆ, ಆದ್ದರಿಂದ ತೂಕವೂ ಏರುತ್ತದೆ. ನಾನು ಓಡಿಸಿ ನೋಡಿದ ನಾಲ್ಕು ಸೀಟಿನ ಒಂದು ಕನ್ವರ್ಟಿಬಲ್‌ನಲ್ಲಿ, ಮೊದಲು ಕೂಪೆಯಾಗಿದ್ದು ಆಮೇಲೆ ಛಾವಣಿ ಕಳೆದುಕೊಂಡ ಮಾದರಿ ಅದು, ಹಳ್ಳಿಯ ರೋಡ್ ಹಂಪ್ ದಾಟುವಾಗ ಒಳಗನ್ನಡಿಯಲ್ಲಿ ಹಿಂದಿನ ಆಟೋ ಎರಡೆರಡಾಗಿ ನಡುಗುತ್ತಿತ್ತು. ಬಾಕ್ಸ್‌ಸ್ಟರ್‌ನಲ್ಲಿ ಆ ನಡುಕ ಬಹುತೇಕ ಇರಲಿಲ್ಲ. ಬಾಕ್ಸ್‌ಸ್ಟರ್ ಹುಟ್ಟಿದ್ದೇ 1996ರಲ್ಲಿ ತೆರೆದ ಕಾರಾಗಿ. ಅದಕ್ಕೆ ಛಾವಣಿ ಕೂರಿಸಿದ ಕೇಮನ್ ಬಂದದ್ದು 2005ರಲ್ಲಿ. ಹೀಗಾಗಿ ಗಟ್ಟಿತನದ ವಾದ ನನ್ನ ಮಟ್ಟಿಗೆ ತೀರ್ಮಾನ ಹೇಳಲಿಲ್ಲ. ಡಬ್ಬಿಯ ಪರೀಕ್ಷೆಯಲ್ಲಿ ಪುಡಿಯಾದ ಮೈಸೂರ್ ಪಾಕನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಮಾರುವವರು ಒಂದು ಭಾನುವಾರ ಬಾಕ್ಸ್‌ಸ್ಟರನ್ನು ಮೈಸೂರಿಗೇ ತಂದುಕೊಟ್ಟರು. ಬೆಳಗಿನ ಐದೂವರೆಗೆ ಲಲಿತಮಹಲ್ ರಸ್ತೆಯಲ್ಲಿ ಗುಂಡಿ ಒತ್ತಿದೆ. ಒಂಬತ್ತು ಸೆಕೆಂಡುಗಳಲ್ಲಿ ಬಟ್ಟೆಯ ಟಾಪ್ ಮಡಿಸಿಕೊಂಡು ಹಿಂದೆ ಕೂತಿತು, ಗಂಟೆಗೆ 50 ಕಿಲೋಮೀಟರ್ ವೇಗದವರೆಗೆ ಓಡುತ್ತಿರುವಾಗಲೂ ಅದು ಸಾಧ್ಯ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಎಂಜಿನ್ನಿನ ಸದ್ದು ಬಂಡೆಗೆ ಬಡಿದು ಕಿವಿಗೆ ಮರಳುತ್ತಿತ್ತು, ಕಣಿವೆಯ ಕಡೆಯಿಂದ ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು, ವೇಗ ನಲವತ್ತನ್ನೂ ಮೀರಿರಲಿಲ್ಲ. ಆ ಅರ್ಧ ಗಂಟೆಗೆ ಕೇಮನ್ ಸಾಟಿಯಲ್ಲ. ಮೇಲೆ ಹೋಗಿ ನಿಲ್ಲಿಸಿದಾಗ ಟಾಪ್ ಮುಚ್ಚುವುದನ್ನು ಮರೆತು ಹತ್ತು ಹೆಜ್ಜೆ ನಡೆದಿದ್ದೆ. ತಿರುಗಿ ನೋಡಿದರೆ ಒಂದು ಕೋತಿ ಡ್ರೈವರ್ ಸೀಟಿನಲ್ಲಿ ಕೂತು ನನ್ನ ಕನ್ನಡಕದ ಪೆಟ್ಟಿಗೆಯನ್ನು ಬಿಚ್ಚುತ್ತಿತ್ತು.

ಒಂಬತ್ತರ ನಂತರ ಹೆಂಡತಿಯೊಡನೆ ಊರ ಕಡೆ ಹೊರಟೆವು. ಹತ್ತು ಪಥದ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯೊಳಗೇ ಇದ್ದರೂ ಪಕ್ಕದಲ್ಲಿರುವವರ ಮಾತು ಕೇಳುವುದು ಕಷ್ಟವಾಯಿತು, ಅವಳು ಮುಡಿದಿದ್ದ ಮಲ್ಲಿಗೆ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಬರೀ ದಾರವಾಗಿತ್ತು. ಹಳ್ಳಿಯ ರಸ್ತೆಗೆ ಇಳಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡೆವು. ಅದರ ಹೊಗೆಯೊಂದಿಗೆ ಸೋಗೆಯ ಚೂರುಗಳೂ ಮಡಿಲಿಗೆ ಬಂದು ಬಿದ್ದವು. ಆಲೆಮನೆಯ ಮುಂದೆ ಹಾಯುವಾಗ ಬಂದ ಕುದಿಯುವ ಕಬ್ಬಿನ ಹಾಲಿನ ಪರಿಮಳ ಮಾತ್ರ ಅಷ್ಟನ್ನೂ ಮರೆಸಿತು. ಆ ಕಾರಿನ ಹಿಂದಿನ ಮಾಲೀಕರು ಅದನ್ನು ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದರಂತೆ. ಟಾಪ್ ಮಡಿಸುವ ಜಾಗದ ಮೂಲೆಯ ನೀರುಗಂಡಿಗಳಿಗೆ ಟಾರ್ಚ್ ಬಿಟ್ಟು ನೋಡಿದಾಗ ಎಲೆ ಕೊಳೆತು ಗೊಬ್ಬರವಾಗಿತ್ತು. ಕನ್ವರ್ಟಿಬಲ್ ನೋಡಹೋಗುವವರು ಎಂಜಿನ್‌ಗಿಂತ ಮೊದಲು ಅಲ್ಲಿ ನೋಡಿ, ನೆಲದ ಹಾಸಿನ ಕೆಳಗೆ ಕೈಯಿಟ್ಟು ತೇವವಿದೆಯೇ ಎಂದು ಮುಟ್ಟಿ ನೋಡಬೇಕು.

ಇಷ್ಟಾದರೂ ಮನಸ್ಸು ಬಾಕ್ಸ್‌ಸ್ಟರ್ ಬಿಟ್ಟು ಬರಲಿಲ್ಲ. ಕೊನೆಗೆ ಕಸುಬಿನವನಂತೆ ಒಂದು ಪುಸ್ತಕ ತೆರೆದೆ. ಜನವರಿಯಲ್ಲಿ ಎರಡು ವಾರ, ಮೇ ತಿಂಗಳಲ್ಲಿ ಎರಡು ವಾರ, ಮನೆಯ ಸಾಧಾರಣ ಕಾರನ್ನು ಹೊರತೆಗೆದಾಗಲೆಲ್ಲ ಹೊತ್ತು, ರಸ್ತೆ, ಜೊತೆಗಿದ್ದವರು, ಮತ್ತು ಇದು ಕನ್ವರ್ಟಿಬಲ್ ಆಗಿದ್ದರೆ ಈಗ ಟಾಪ್ ತೆರೆಯುತ್ತಿದ್ದೆನೇ ಇಲ್ಲವೇ ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಟ್ಟೆ. 46 ಸಲ ಹೊರಟವನು ‘ಹೌದು’ ಎಂದು ಬರೆದದ್ದು 11 ಸಲ. ‘ಇಲ್ಲ’ ಎಂಬುದರ ಎದುರಿನ ಕಾರಣಗಳು ಬಲು ಸಣ್ಣವು: ಮಧ್ಯಾಹ್ನದ ಬಿಸಿಲು, ರಿಂಗ್ ರಸ್ತೆಯ ಲಾರಿಗಳ ದೂಳು, ಮೇ ತಿಂಗಳ ಸಂಜೆಯ ಗುಡುಗುಮಳೆ, ಪಕ್ಕದ ಸೀಟಿನಲ್ಲಿ ಕಕ್ಷಿದಾರರ ಬಿಡಿ ಕಾಗದಗಳು. ಹನ್ನೊಂದು ‘ಹೌದು’ಗಳಲ್ಲಿ ಒಂಬತ್ತು ಬೆಳಗಿನ ಏಳೂವರೆಗೆ ಮುಂಚಿನವು, ಆ ಒಂಬತ್ತರಲ್ಲೂ ನಾನು ಒಬ್ಬನೇ, ಕೈಯಲ್ಲಿ ಸಾಮಾನಿಲ್ಲದೆ, ಬೆಟ್ಟದ ರಸ್ತೆಯಲ್ಲೋ ಕೆಆರ್‌ಎಸ್ ರಸ್ತೆಯಲ್ಲೋ ನಿಧಾನವಾಗಿ ಹೋಗಿದ್ದೆ.

ಪುಸ್ತಕವನ್ನು ನನ್ನ ಹೆಂಡತಿಯೂ ಓದಿದಳು. “ರೀ, ಈ ಒಂಬತ್ತು ಸಲಕ್ಕೂ ನೀವು ಯೆಜ್ಡಿಯಲ್ಲೇ ಹೋಗಬಹುದಿತ್ತಲ್ಲ?” ಎಂದಳು. ನಮ್ಮ ಶೆಡ್ಡಿನಲ್ಲಿ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. 1961ರಿಂದ 1996ರವರೆಗೆ ನಡೆದ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿಯ ಗಾಡಿ. ಎರಡು ಸೈಲೆನ್ಸರಿನ ಅದರ ಸದ್ದನ್ನು ಈ ಊರಿನ ಹಳಬರು ಕಣ್ಣು ಮುಚ್ಚಿಕೊಂಡು ಗುರುತಿಸುತ್ತಾರೆ. ಉಳಿದ ಭಾನುವಾರಗಳಲ್ಲಿ ನಾನು ಬೆಟ್ಟಕ್ಕೆ ಹೋಗುತ್ತಿದ್ದದ್ದು ಅದರಲ್ಲೇ. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾರು ನಿಜವಾಗಿ ಬೇಕಾಗಿದ್ದದ್ದು ನಾವಿಬ್ಬರೂ ಎರಡು ದಿನದ ಬಟ್ಟೆಯೊಂದಿಗೆ ಹೊರಡುವ ದಾರಿಗಳಿಗೆ: ಬಂಡೀಪುರ ದಾಟಿ ಕಲ್ಲಟ್ಟಿಯ 36 ತಿರುವುಗಳನ್ನೇರಿ ಊಟಿಗೆ, ಚಾಮರಾಜನಗರದಿಂದ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ. ಆನೆ ಓಡಾಡುವ ಕಾಡಿನಲ್ಲಿ ಟಾಪ್ ತೆರೆದುಕೊಂಡು ಹೋಗುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಸಾಮಾನಿನ ಲೆಕ್ಕವೂ ಅದೇ ಕಡೆ ವಾಲಿತು. ಎರಡೂ ಕಾರುಗಳಿಗೆ ಮುಂದೆ 150 ಲೀಟರಿನ ಒಂದು ಡಿಕ್ಕಿ ಇದೆ; ಹಿಂದಿನದು ಬಾಕ್ಸ್‌ಸ್ಟರ್‌ನಲ್ಲಿ 130 ಲೀಟರ್, ಗಾಜಿನ ಸಮೇತ ಎತ್ತುವ ಹಿಂಬಾಗಿಲಿನ ಕೇಮನ್‌ನಲ್ಲಿ 275 ಲೀಟರ್.

ಕೇಮನ್ ಬಂದು ಎರಡು ವರ್ಷವಾಯಿತು. ಮನೆಮುಂದಿನ ಇಳಿಜಾರಿಗೆ ಹಲಗೆ ಹಾಕಿ ಹತ್ತಿಸುತ್ತೇನೆ, ರೋಡ್ ಹಂಪುಗಳನ್ನು ಓರೆಯಾಗಿ ದಾಟಿಸುತ್ತೇನೆ. ಮೊದಲ ಸಲ ಊರಿನಿಂದ ಬರುವಾಗ ಚಿಕ್ಕಪ್ಪ ಹತ್ತು ಕೆಜಿ ಅಚ್ಚುಬೆಲ್ಲವನ್ನು ಹಿಂದಿನ ಡಿಕ್ಕಿಗೆ ಹಾಕಿಸಿದ್ದರು. ಆ ಡಿಕ್ಕಿಯ ಪಕ್ಕದಲ್ಲೇ ಎಂಜಿನ್ ಇರುವುದರಿಂದ ಅಲ್ಲಿ ಬಿಸಿ ಹೆಚ್ಚು. ಮನೆ ತಲುಪುವಷ್ಟರಲ್ಲಿ ಅಚ್ಚುಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಈಗ ಬೆಲ್ಲ ಮುಂದಿನ ಡಿಕ್ಕಿಗೆ, ಬಟ್ಟೆಯ ಚೀಲ ಹಿಂದಕ್ಕೆ.