ಸುಗ್ಗಿಯಲ್ಲೂ ರೀಬೂಟ್ ಇಲ್ಲದೆ ಕರ್ನಲ್ ಪ್ಯಾಚ್: ನನ್ನ ಅನುಭವ

ಗಂಗಾವತಿಯ ರೈಸ್‌ಮಿಲ್‌ನಲ್ಲಿ ಸುಗ್ಗಿಯ ಹೊತ್ತಿಗೆ ಕಾಟಾ (ಲಾರಿ ತೂಗುವ ಯಂತ್ರ) ನಿಲ್ಲುವ ಹಾಗಿಲ್ಲ. ಅದರ ಸರ್ವರ್ ರೀಬೂಟ್ ಆಗಲು ಡಿಸ್ಕ್‌ಗಳನ್ನು ನೋಡಿಕೊಳ್ಳುವ ರೇಡ್ ಕಾರ್ಡ್‌ನ ತಪಾಸಣೆ ಸೇರಿ ಏಳೆಂಟು ನಿಮಿಷ ಬೇಕು. ಅಷ್ಟರಲ್ಲಿ ಭತ್ತದ ಲಾರಿಗಳ ಸಾಲು ರಸ್ತೆಗೆ ಬಂದಿರುತ್ತದೆ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪ್ಯಾಚ್, ಅಂದರೆ ತಿದ್ದುಪಡಿ, ಹಾಕಲು ಸಾಮಾನ್ಯವಾಗಿ ರೀಬೂಟ್ ಬೇಕು. ಅದಿಲ್ಲದೆಯೇ ಹಾಕಲು ಹೊರಟೆ. ‘ಚಾಲೂ ಇರೋ ಕರ್ನಲ್‌ಗೆ ಕೈ ಹಾಕಬ್ಯಾಡ್ರಿ, ಕೆಡ್ತದ’ ಅಂದವರೇ ಹೆಚ್ಚು. ಎರಡು ಸುಗ್ಗಿ ದಾಟಿತು, ನಾಲ್ಕು ಪ್ಯಾಚ್ ಹಾಕಿದೆ, ಒಂದು ಕಾಟಾ ಚೀಟಿಯೂ ತಪ್ಪಿಲ್ಲ.

ಬಳಸಿದ್ದು ಉಬುಂಟು 22.04, 5.15 ಕರ್ನಲ್, ಚಾಲೂ ಇರುವ ಕರ್ನಲ್‌ಗೇ ಪ್ಯಾಚ್ ಹಾಕುವ ಕೆಪ್ಯಾಚ್ ಎಂಬ ಸಾಧನ. ಬಿಲ್ಡ್ ಮಾಡಿದ್ದು (ಪ್ಯಾಚಿನ ಕೋಡ್‌ನಿಂದ ಕರ್ನಲ್‌ಗೆ ಲೋಡ್ ಆಗುವ ಮಾಡ್ಯೂಲ್ ಕಟ್ಟಿದ್ದು) ಬೇರೆ ಐ5 ಡೆಸ್ಕ್‌ಟಾಪ್‌ನಲ್ಲಿ. ಅದಕ್ಕೆ 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ ಸೇರಿ ಏಳು ಸಾವಿರದ ಆಸುಪಾಸು ಬಿತ್ತು. ಮೊದಲ ಬಿಲ್ಡ್‌ಗೆ ಒಂದೂವರೆ ತಾಸು, ಸಿಕ್ಯಾಶ್ (ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಾಧನ) ತುಂಬಿದ ಮೇಲೆ ಇಪ್ಪತ್ತು ನಿಮಿಷ.

ಮೊದಲು ಅಡ್ಡಗಟ್ಟಿದ್ದು ಕಂಪೈಲರ್. ಕರ್ನಲ್ ಕಟ್ಟಿದ್ದು ಜಿಸಿಸಿ ಎಂಬ ಕಂಪೈಲರ್‌ನ 11.3 ಆವೃತ್ತಿಯಲ್ಲಿ, ಡೆಸ್ಕ್‌ಟಾಪ್ ಅಪ್‌ಡೇಟ್ ಆಗಿ 11.4 ಬಂದಿತ್ತು. ಕೆಪ್ಯಾಚ್ ಒಪ್ಪಲಿಲ್ಲ. ಆ ತಪಾಸಣೆಯನ್ನು ಬಿಟ್ಟು ಮುಂದೆ ಹೋಗುವ ಆಯ್ಕೆ ಇದೆ, ಮುಟ್ಟಬೇಡಿ. ಇನ್‌ಲೈನ್ ಆಗುವ (ಕರೆದ ಜಾಗದಲ್ಲೇ ಕೋಡ್ ಸೇರಿಹೋಗುವ) ಫಂಕ್ಷನ್‌ಗಳೇ ಬದಲಾದರೆ ಹಳೆಯ ಕೋಡ್‌ಗೂ ಹೊಸದಕ್ಕೂ ಹೋಲಿಕೆ ಕೂಡುವುದಿಲ್ಲ. ಹಳೆಯ ಜಿಸಿಸಿಯನ್ನು ಒಂದು ಕಂಟೇನರ್‌ನಲ್ಲಿ ಕಟ್ಟಿಟ್ಟೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕರ್ನಲ್ ಕೋಡನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಬೇಕು, ಸಹಿಯ ಕೀ ಸೇರಿಸಲು ಒಮ್ಮೆ ರೀಬೂಟ್ ಬೇಕೇ ಬೇಕು. ಅದನ್ನು ಸುಗ್ಗಿಗೆ ಮುಂಚೆಯೇ ಮುಗಿಸಿ.

ದೊಡ್ಡ ಹೊಡೆತ ಬಿದ್ದದ್ದು, ಹಲವು ಫೀಲ್ಡ್ ಒಟ್ಟಿಗಿಡುವ ಡೇಟಾ ರಚನೆಯಾದ ಸ್ಟ್ರಕ್ಟ್‌ನಿಂದ. ಮೂಲ ಪ್ಯಾಚ್ ಒಂದು ಸ್ಟ್ರಕ್ಟ್‌ಗೆ ಹೊಸ ಫೀಲ್ಡ್ ಸೇರಿಸಿತ್ತು. ಹಾಗೇ ಬಿಲ್ಡ್ ಮಾಡಿ ಟೆಸ್ಟ್ ಮಷಿನ್‌ಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಪ್ಯಾನಿಕ್, ಕರ್ನಲ್ಲೇ ನಿಂತುಹೋಯಿತು. ಮೆಮೊರಿಯಲ್ಲಿ ಆಗಲೇ ಇದ್ದ ಆಬ್ಜೆಕ್ಟ್‌ಗಳೆಲ್ಲ ಹಳೆಯ ಅಳತೆಯವು, ಹೊಸ ಕೋಡ್ ಅವುಗಳ ಅಂಚು ದಾಟಿ ಪಕ್ಕದ ಜಾಗದಲ್ಲಿ ಬರೆಯಿತು. ಫೀಲ್ಡ್ ಕಿತ್ತು, ಹೊಸ ಡೇಟಾವನ್ನು ಆಬ್ಜೆಕ್ಟ್‌ನ ಹೊರಗಿಡುವ ಶಾಡೋ ವೇರಿಯಬಲ್‌ಗೆ ತಿದ್ದಿ ಬರೆಯಲು ಮೂರು ರಾತ್ರಿ ಹೋಯಿತು. ಹೆಡರ್ ಮುಟ್ಟಿದರೆ ನೂರಾರು ಫೈಲ್ ಮತ್ತೆ ಕಂಪೈಲ್ ಆಗುತ್ತವೆ. ಅದನ್ನು ಐದಾರಕ್ಕೆ ಇಳಿಸಿದ ಕೈಚಳಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೇ ಪ್ಯಾಚ್ ಹಾಕಿದ ಕೂಡಲೇ ಮೊದಲನೆಯದು ಮಾಯ! ಕೆಪ್ಯಾಚ್ ತಾನಾಗಿ ರಿಪ್ಲೇಸ್ ಬಗೆಯಲ್ಲೇ ಬಿಲ್ಡ್ ಮಾಡುತ್ತದೆ, ಹೊಸದು ಹಳೆಯದನ್ನು ಪೂರ್ತಿ ಕಿತ್ತುಹಾಕುತ್ತದೆ. ಆದ್ದರಿಂದ ಪ್ರತಿ ಸಲವೂ ಹಿಂದಿನ ತಿದ್ದುಪಡಿಗಳನ್ನೆಲ್ಲ ಕೂಡಿಸಿಯೇ ಬಿಲ್ಡ್ ಮಾಡಬೇಕು.

ಮೂರನೆಯದು, ನೆಟ್‌ವರ್ಕ್ ಮೇಲಿನ ಫೈಲ್ ಓದಿ ಬರೆಯುವ ಎನ್‌ಎಫ್‌ಎಸ್ ಕ್ಲೈಂಟ್‌ನದು. ಟ್ರಾನ್ಸಿಶನ್ (ಎಲ್ಲ ಪ್ರೊಸೆಸ್ ಹೊಸ ಕೋಡ್‌ಗೆ ದಾಟುವುದು) ಮುಗಿಯಲೇ ಇಲ್ಲ, ಸ್ವಲ್ಪ ಹೊತ್ತು ಕಾದು ಕೆಪ್ಯಾಚ್ ತಾನೇ ಹಿಂದೆ ಸರಿಯಿತು. ಮತ್ತೆ ಹಾಕಿ, ಪ್ರತಿ ಪ್ರೊಸೆಸ್ ದಾಟಿದೆಯೇ ಎಂದು ಹೇಳುವ, ಪ್ರಾಕ್ ಫೋಲ್ಡರ್ ಅಡಿಯ ಪ್ಯಾಚ್ ಸ್ಟೇಟ್ ಒಂದೊಂದೇ ನೋಡಿದರೆ ಬ್ಯಾಕಪ್ ಪ್ರೊಸೆಸ್ ಒಂದೇ 0ಯಲ್ಲಿ, ಅಂದರೆ ಹಳೆಯ ಕೋಡ್‌ನಲ್ಲೇ, ಕೂತಿತ್ತು. ನಾಸ್ (ನೆಟ್‌ವರ್ಕ್ ಡಿಸ್ಕ್) ಪೆಟ್ಟಿಗೆ ಆಫ್ ಆಗಿದ್ದರಿಂದ ಅದು ಬದಲಾಗಬೇಕಾದ ಫಂಕ್ಷನ್‌ನೊಳಗೇ ನಿದ್ರೆಗೆ ಬಿದ್ದಿತ್ತು. ನಾಸ್ ಆನ್ ಮಾಡಿದೆ, ಅರೆ ನಿಮಿಷದಲ್ಲಿ ಟ್ರಾನ್ಸಿಶನ್ ಮುಗಿಯಿತು. ಫೋರ್ಸ್ ಮಾಡಬೇಡಿ, ಆಮೇಲೆ ಆ ಮಾಡ್ಯೂಲ್ ತೆಗೆಯಲು ಬರುವುದಿಲ್ಲ.

ನಡುವೆ ಕೆಎಕ್ಸೆಕ್ (ಚಾಲೂ ಕರ್ನಲ್‌ನಿಂದ ನೇರವಾಗಿ ಹೊಸ ಕರ್ನಲ್ ಎಬ್ಬಿಸುವ ದಾರಿ) ಕೂಡ ನೋಡಿದೆ. ಬಯೋಸ್, ರೇಡ್ ತಪಾಸಣೆ ಎರಡೂ ತಪ್ಪಿ ಏಳೆಂಟು ನಿಮಿಷ ಒಂದಕ್ಕೆ ಇಳಿಯಿತು. ಆದರೆ ಎಲ್ಲ ಕನೆಕ್ಷನ್ ಕಡಿಯುತ್ತದೆ. ಹಗಲು ಮಾತ್ರ ನಡೆಯುವ ಗೋದಾಮಿಗೆ ಅದೇ ಸಾಕು, ಕಾಟಾಕ್ಕೆ ಸಾಲದು.

ಪ್ಯಾಚ್ ಹಾಕಿದ ಮೇಲೂ ಯುನೇಮ್ (ಕರ್ನಲ್ ಆವೃತ್ತಿ ಹೇಳುವ ಕಮಾಂಡ್) ಹಳೆಯ ನಂಬರನ್ನೇ ತೋರಿಸುತ್ತದೆ, ಆಡಿಟ್‌ನವರಿಗೆ ಕೆಪ್ಯಾಚ್ ಲಿಸ್ಟ್ ತೋರಿಸಿ. ಲೋಡ್ ಮಾಡಿ ಸುಮ್ಮನಾಗದೆ ಇನ್‌ಸ್ಟಾಲ್ ಕೂಡ ಮಾಡಿ, ಸರ್ವಿಸ್ ಎನೇಬಲ್ ಆಗಿದೆಯೇ ನೋಡಿ. ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಮಷಿನ್ ಎದ್ದೇಳುವುದು ಪ್ಯಾಚ್ ಇಲ್ಲದ ಕರ್ನಲ್‌ನಲ್ಲೇ. ಇನ್‌ಸ್ಟಾಲ್ ಆಗಿದ್ದರೆ ಅದೇ ಕರ್ನಲ್ ಎದ್ದಾಗ ಪ್ಯಾಚ್ ತಾನಾಗಿ ಕೂರುತ್ತದೆ.